ಒಂದು ಉಸಿರಿಗೆ ಒಂದು ವಾಕ್ಯ

ನಮ್ಮ ಸಂಗೀತದ ಟೀಚರಮ್ಮನ ಎಡಗೈ ಮುಟ್ಟಿದವರು ಅವರನ್ನು ಕಲ್ಲು ಒಡೆಯುವವರೆಂದೇ ತಿಳಿಯುತ್ತಿದ್ದರು. ವರ್ಷಗಟ್ಟಲೆ ಹಾರ್ಮೋನಿಯಂನ ತಿದಿ ಒತ್ತಿ ಒತ್ತಿ ಅಂಗೈಯ ಬುಡದಲ್ಲಿ ಹುಣಸೆ ಬೀಜದಂಥ ಗಂಟೊಂದು ಕಟ್ಟಿತ್ತು. ಶ್ರುತಿ ತಪ್ಪಿದ ಮಕ್ಕಳ ತಲೆಯ ಮೇಲೆ ಆ ಅಂಗೈ ಮೆಲ್ಲಗೆ ಬೀಳುತ್ತಿತ್ತು. ಹೆಚ್ಚು ಸಲ ಬಿದ್ದದ್ದು ನನ್ನ ತಲೆಯ ಮೇಲೆಯೇ.

ನಾನು ಬಳ್ಳಾರಿಯ ಕೌಲ್ ಬಜಾರಿನವನು. ನಮ್ಮ ಅಬ್ಬಾ ಟಾಂಗಾಗಳಿಗೆ ಬಣ್ಣ ಬಳಿಯುತ್ತಿದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಟೀಚರಮ್ಮ ಹಾಡು ನಿಲ್ಲಿಸಿ, "ಲೇ, ನಿನ್ನ ಶ್ರುತಿ ಬಾಯಾಗಿಲ್ಲ, ಕೈಯಾಗ ಐತಿ. ನೀ ಹಾಡಬ್ಯಾಡ, ಬರಿ" ಎಂದು ಸೀಮೆಸುಣ್ಣ ಕೊಟ್ಟರು. ಹುಡುಗರು ನಕ್ಕರು. "ಯಾಕ ನಗತೀರಿ? ಇವ ಬರೀಲಿಲ್ಲಂದ್ರ ನೀವ್ ಏನ್ ನೋಡಿ ಹಾಡತೀರಿ?" ಎಂದು ಅವರು ಗದರಿದರು. ಅಂದಿನಿಂದ ವಾರವಾರವೂ ಹೊಸ ಹಾಡನ್ನು ಕರಿಹಲಗೆಯ ಮೇಲೆ ಬಳ್ಳಿ ಹೂವಿನ ಅಂಚು ಬಿಡಿಸಿ ಬರೆಯುವುದು ನನ್ನ ಕೆಲಸವಾಯಿತು. ನಾನು ಬೋರ್ಡು ಬರೆಯುವ ಪೇಂಟರ್ ಆದದ್ದು ಹೀಗೆ.

ಗಣಿಯ ಭರಾಟೆ ಶುರುವಾದಾಗ ಹೊಸಪೇಟೆ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ ಇತ್ತು. ಅದಿರು ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಮಾಲೀಕರ ಮಕ್ಕಳ ಹೆಸರು, ಹುಲಿ, ನವಿಲು, ಹದ್ದು ಬರೆದು ಬರೆದು ಕೈ ಸೋಲುತ್ತಿತ್ತು. ಬೆಳಿಗ್ಗೆ ಬಿಳಿ ಬಣ್ಣ ಬಳಿದರೆ ಮಧ್ಯಾಹ್ನಕ್ಕೆ ಅದರ ಮೇಲೆ ಕೆಂಪು ಧೂಳು ಕೂತಿರುತ್ತಿತ್ತು. ಅಂಥದೊಂದು ಮಧ್ಯಾಹ್ನ, ಕೊಡೆ ಹಿಡಿದು ಆಟೋದಿಂದ ಇಳಿದವರು ಟೀಚರಮ್ಮ. ನಿವೃತ್ತಿಯಾಗಿ ಆಗಲೇ ನಾಲ್ಕೈದು ವರ್ಷವಾಗಿತ್ತು. ಯೋಗಕ್ಷೇಮ ಕೇಳಲಿಲ್ಲ, ಕೂಡಲಿಲ್ಲ. ಲಾರಿಯ ಮೇಲಿನ ಹುಲಿಯನ್ನು ದಿಟ್ಟಿಸಿ ನೋಡಿ ಕೇಳಿದರು:

"ಕುರಿ ಬರಿಯಾಕ ಬರತೈತೇನಪಾ ನಿನಗ?"

"ಬರತೈತ್ರಿ ಟೀಚರಮ್ಮ."

"ಆ ಬಿಳೇ ಹತ್ತಿ ಉಂಡಿಯಂಥಾ ಕುರಿ ಅಲ್ಲ. ನಮ್ಮ ಕರೇ ಕುರಿ. ಕಿವಿ ಜೋತು ಬಿದ್ದಿರಬೇಕು, ಮೈಗೆ ಮುಳ್ಳು ಮೆತ್ತಿರಬೇಕು."

ಆಮೇಲೆ ವಿಷಯ ತಿಳಿಯಿತು. ತಮ್ಮ ಚರ್ಚಿನ ಸಂಡೇ ಸ್ಕೂಲಿನ ಮಕ್ಕಳಿಗೆ ಅವರು ಮಗಳ ಜೊತೆ ಸೇರಿ ಕಥೆ ಬರೆಯುತ್ತಿದ್ದರು. ಹೊರಗಿನಿಂದ ಬರುವ ಪುಸ್ತಕಗಳಲ್ಲಿ ಹಿಮ, ದೇವದಾರು ಮರ, ಕೆಂಪು ಕೆನ್ನೆಯ ಮಕ್ಕಳೇ ಇರುತ್ತಿದ್ದುದು ಅವರಿಗೆ ಸರಿಬರುತ್ತಿರಲಿಲ್ಲ. "ಯೇಸುಸ್ವಾಮಿ ಸಿರುಗುಪ್ಪದ ಗದ್ದಿ ಬದುವಿನ ಮ್ಯಾಲ ನಡದ್ರ ಏನ್ ಕಾಲು ಸವಿತಾವೇನು?" ಎನ್ನುತ್ತಿದ್ದರು. ಅವರ ತವರು ಸಿರುಗುಪ್ಪ. ಅವರ ಕಥೆಗಳಲ್ಲಿ ತುಂಗಭದ್ರೆ ಹರಿಯುತ್ತಿತ್ತು, ಕುರುಗೋಡಿನ ಬಂಡೆಗಳ ಸಂದಿಯಲ್ಲಿ ಕುರಿಮರಿ ಸಿಕ್ಕಿಕೊಳ್ಳುತ್ತಿತ್ತು, ಮಕ್ಕಳು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು.

ಮಗಳು ಕುರುಗೋಡಿನ ಆಸ್ಪತ್ರೆಯಲ್ಲಿ ನರ್ಸ್. ನನಗಿಂತ ಎರಡು ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ರಜೆಯ ದಿನ ತಾಯಿ ಮಗಳು ಬರೆಯಲು ಕೂತರೆ ನಾನೂ ಚಿತ್ರಗಳ ಹಾಳೆ ಹಿಡಿದು ಹೋಗುತ್ತಿದ್ದೆ. ಟೀಚರಮ್ಮ ಬಾಯಲ್ಲಿ ಹೇಳುತ್ತಿದ್ದರು, ಅಕ್ಕ ಬರೆದುಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಆಗ ಟೀಚರಮ್ಮನ ಬೆರಳು ಕುರ್ಚಿಯ ಕೈಯ ಮೇಲೆ ತಾಳ ಹಾಕುತ್ತಿತ್ತು. ಬೆರಳು ಎಲ್ಲಿ ನಿಂತಿತೋ ಆ ವಾಕ್ಯ ಕೆಟ್ಟಿತೆಂದೇ ಅರ್ಥ. "ಒಂದು ಉಸಿರಿಗೆ ಒಂದು ವಾಕ್ಯ. ಮಗು ನಡುವ ಉಸಿರು ತಗೊಂಡ್ರ ತಪ್ಪು ನಮ್ಮದು" ಎನ್ನುತ್ತಿದ್ದರು.

ಅಕ್ಕನ ತಕರಾರು ಬೇರೆಯದು. "ಅಮ್ಮಾ, ಕೊನಿಗೆ ಬುದ್ಧಿವಾದ ಬ್ಯಾಡ. ಮಕ್ಕಳು ಕಥಿ ಕೇಳಾಕ ಬಂದಾರ, ಬೈಸಿಕೊಳ್ಳಾಕಲ್ಲ." ಹತ್ತು ಸಲ ಹೇಳಿದರೆ ಎಂಟು ಸಲ ತಾಯಿ ಒಪ್ಪುತ್ತಿದ್ದರು. ಉಳಿದ ಎರಡು ಸಲ ಮತ್ತೆ ಶಾಲೆಯ ಟೀಚರೇ, ತಾವು ಹೇಳಿದ್ದೇ ಆಗಬೇಕು.

ಆ ಎರಡರಲ್ಲಿ ಒಂದು ಲಾರಿಯ ಕಥೆ. ಅದಿರು ಲಾರಿ ಓಡಿಸುವ ಅಪ್ಪ ಮನೆಗೆ ಬಂದಿಲ್ಲ. ಮಗಳು ಪ್ರಾರ್ಥನೆ ಮಾಡುತ್ತಾಳೆ. ಬೆಳಗಾಗುವಷ್ಟರಲ್ಲಿ ಅಪ್ಪ ನಗುನಗುತ್ತ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅಕ್ಕ ಆಗಲೇ ಹೇಳಿದ್ದರು: "ಅಮ್ಮಾ, ನಮ್ಮ ಆಸ್ಪತ್ರಿಗೆ ಬಂದು ನೋಡು. ಎಲ್ಲಾರೂ ಮನಿಗೆ ಹೋಗಂಗಿಲ್ಲ." ತಾಯಿ ಕೇಳಲಿಲ್ಲ. ಗಣಿಯಿಂದ ನಾಲ್ಕು ಲಾರಿಗಳ ಮಾಲೀಕರಾಗಿದ್ದ ಚರ್ಚಿನ ಹಿರಿಯರೊಬ್ಬರಿಗೆ ಕಥೆ ಬಹಳ ಹಿಡಿಸಿ, ಅವರೇ ಬಣ್ಣಬಣ್ಣದಲ್ಲಿ ಅಚ್ಚು ಹಾಕಿಸಿಕೊಟ್ಟರು.

ಮೊದಲ ಓದು ಕುರುಗೋಡಿನ ಚರ್ಚಿನಲ್ಲಿ. ಚಾಪೆಯ ಮೇಲೆ ಮೂವತ್ತು ಮಕ್ಕಳಿದ್ದಿರಬಹುದು. ನಾನು ಚಿತ್ರಗಳನ್ನು ದೊಡ್ಡದಾಗಿ ಬರೆದು ಎತ್ತಿ ಹಿಡಿದಿದ್ದೆ. ಟೀಚರಮ್ಮ ಓದಿ ಮುಗಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎಂಟು ವರ್ಷದ ಹುಡುಗಿಯೊಬ್ಬಳು ಮಾತ್ರ ತಟ್ಟಲಿಲ್ಲ. ಎದ್ದು ನಿಂತು ಹೇಳಿದಳು:

"ನಾನೂ ಪ್ರಾರ್ಥನಾ ಮಾಡಿದ್ದೆ ಟೀಚರ್. ನಮ್ಮಪ್ಪ ಬರಲಿಲ್ಲ."

ಆಕೆಯ ಅಪ್ಪ ಲಾರಿ ಪಲ್ಟಿಯಾಗಿ ಸತ್ತು ಮೂರು ತಿಂಗಳಾಗಿತ್ತು. ನನ್ನ ಕೈಯಲ್ಲಿದ್ದ ಚಿತ್ರದಲ್ಲಿ ಅಪ್ಪ ನಗುತ್ತ ನಿಂತಿದ್ದ. ಅದನ್ನು ಎಲ್ಲಿ ಬಚ್ಚಿಡಲಿ ಎಂದು ತಿಳಿಯದೆ ಎದೆಗೆ ಒತ್ತಿ ಹಿಡಿದೆ. ಪಾಸ್ಟರು ಏನೋ ಸಮಾಧಾನ ಹೇಳಲು ಮುಂದೆ ಬಂದರು. ಟೀಚರಮ್ಮ ಕೈಯೆತ್ತಿ ತಡೆದರು. ಮಂಡಿನೋವಿನ ಹೆಂಗಸು, ಕುರ್ಚಿ ಬಿಟ್ಟು ಇಳಿದು, ಹುಡುಗಿಯ ಎದುರು ಚಾಪೆಯ ಮೇಲೆ ಕೂತರು.

"ಯಾಕ ಬರಲಿಲ್ಲ ಅಂತ ನನಗ ಗೊತ್ತಿಲ್ಲವ್ವಾ. ನಾ ಕಥಿ ತಪ್ಪು ಬರ್ದೀನಿ" ಎಂದರು, ಎಲ್ಲರಿಗೂ ಕೇಳುವ ಹಾಗೆ.

ನನಗೆ ಅವರು ಯಾವತ್ತೂ ಅಷ್ಟು ದೊಡ್ಡವರಾಗಿ ಕಂಡಿರಲಿಲ್ಲ. ನಮ್ಮ ತಪ್ಪುಗಳನ್ನು ಜೀವಮಾನವಿಡೀ ತಿದ್ದಿದ ಟೀಚರು ತಮ್ಮ ತಪ್ಪನ್ನು ಮಕ್ಕಳ ಮುಂದೆ ಒಪ್ಪಿಕೊಂಡಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಮಗಳ ಕೈ ಹಿಡಿದು, "ನೀ ಹೇಳಿದ್ದಿ. ನಾ ಕೇಳಲಿಲ್ಲ" ಎಂದಷ್ಟೇ ಹೇಳಿದರು. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು.

ಮರುದಿನವೇ ಟೀಚರಮ್ಮ ಅಚ್ಚಾದ ಪ್ರತಿಗಳನ್ನೆಲ್ಲ ಹಿಂದಕ್ಕೆ ತರಿಸಿ, ಅಪ್ಪ ಬಾರದ ಕಥೆಯನ್ನೇ ಬರೆಯುತ್ತೇನೆಂದರು. ಹಿರಿಯರು ಸಿಟ್ಟಾಗಿ ಮನೆಗೆ ಬಂದರು. "ಮಕ್ಕಳಿಗೆ ಸಾವಿನ ಕಥಿ ಯಾಕ್ ಬೇಕ್ರಿ? ಒಳ್ಳೇದು ಹೇಳ್ರಿ" ಎಂದರು.

"ಸಾವು ಆ ಮಗುವಿನ ಮನಿಗೆ ನಮ್ಮನ್ನ ಕೇಳಿ ಬಂದಿಲ್ರಿ. ನಮ್ಮ ಕಥಿನೂ ಆಕಿನ್ನ ಹೊರಗ ನಿಲ್ಲಿಸಬೇಕೇನು?" ಎಂದರು ಟೀಚರಮ್ಮ.

ಹಿರಿಯರು ಇನ್ನು ತಮ್ಮಿಂದ ಅಚ್ಚು ಇಲ್ಲ ಎಂದು ಎದ್ದು ಹೋದರು.

ಹೊಸ ಕಥೆಗೆ ನಾಲ್ಕು ತಿಂಗಳು ಹಿಡಿಯಿತು. ಈ ಸಲ ಹೇಳಿದವರು ಅಕ್ಕ, ಬರೆದುಕೊಂಡವರು ತಾಯಿ. ಅಪ್ಪ ಬರುವುದಿಲ್ಲ. ಮಗಳು ದಿನಾ ಅವನ ತಟ್ಟೆ ಇಡುತ್ತಾಳೆ. ಒಂದು ದಿನ ಯೇಸುಸ್ವಾಮಿ ಬಂದು ಆಕೆಯ ಪಕ್ಕದಲ್ಲಿ ಕೂತು, ಏನೂ ಹೇಳದೆ, ಅವಳ ಜೊತೆ ಅಳುತ್ತಾನೆ. ಅಷ್ಟೇ. ಬುದ್ಧಿವಾದ ಒಂದೂ ಇಲ್ಲ.

ಅದನ್ನು ಯಾರಿಗೂ ತೋರಿಸುವ ಮುಂಚೆ ನಾವು ಮೂವರೂ ಕುರುಗೋಡಿಗೆ ಹೋಗಿ ಆ ಹುಡುಗಿಯ ಮನೆಯಲ್ಲಿ ಓದಿದೆವು. "ಏನ್ ಸರಿ ಇಲ್ಲ, ಹೇಳವ್ವಾ" ಎಂದರು ಟೀಚರಮ್ಮ. ಹುಡುಗಿ ನನ್ನ ಚಿತ್ರ ನೋಡಿ ಹೇಳಿದಳು: "ನಮ್ಮಪ್ಪ ಚಪ್ಪಲಿ ಹೊರಗ ಬಿಡತಿದ್ದಿಲ್ಲ. ನಾಯಿ ಒಯ್ತಾವ ಅಂತ ಒಳಗ ಇಡತಿದ್ದ." ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಅದನ್ನು ಬರೆದುಕೊಂಡರು. ನಾನು ಚಪ್ಪಲಿಯನ್ನು ಬಾಗಿಲ ಒಳಗೆ ಬರೆದೆ.

ಅಚ್ಚು? ಲಾರಿಗಳಿಗೆ ಸ್ಟಿಕ್ಕರ್ ಮಾಡಲು ನನ್ನ ಶೆಡ್ಡಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಚೌಕಟ್ಟುಗಳಿದ್ದವು. ಪುಟ ಪುಟವಾಗಿ ನಾನೇ ಒತ್ತಿದೆ. ಅಕ್ಕ ಹಗ್ಗ ಕಟ್ಟಿ ಹಾಳೆ ಒಣಹಾಕಿದರು, ಟೀಚರಮ್ಮ ದಬ್ಬಣ, ದಾರ ಹಿಡಿದು ಹೊಲಿದರು. ಹೊರಗೆ ಲಾರಿಗಳು ಬಣ್ಣಕ್ಕೆ ಕಾಯುತ್ತಿದ್ದವು. ನಾನು ಅವನ್ನು ಒಂದು ವಾರ ಕಾಯಿಸಿದೆ. ಆ ಪುಸ್ತಕವನ್ನು ಕುರುಗೋಡು, ಸಿರುಗುಪ್ಪ, ಕುಡತಿನಿಯ ಮಕ್ಕಳು ಹರಿದು ಹೋಗುವ ತನಕ ಓದಿದರು. ಆ ಹಿರಿಯರ ಮೊಮ್ಮಗಳೂ ಓದಿದಳು. ಮುಂದಿನ ಕ್ರಿಸ್‌ಮಸ್ಸಿಗೆ ಹಿರಿಯರು ತಾವಾಗಿ ಬಂದು, "ಇನ್ನೊಂದಿಷ್ಟು ಪ್ರತಿ ಸಿಗತಾವೇನ್ರಿ?" ಎಂದು ಕೇಳಿದರು. ಟೀಚರಮ್ಮ ಒಳಗಿನಿಂದ ಚಹಾ ತರಿಸಿದರು, ಹಳೆಯದನ್ನು ಎತ್ತಲಿಲ್ಲ.

ಗಣಿಗಳು ನಿಂತು, ಲಾರಿಗಳು ತುಕ್ಕು ಹಿಡಿದು ನಿಂತ ವರ್ಷ ಟೀಚರಮ್ಮ ತೀರಿಕೊಂಡರು. ಕೊನೆಯ ವಾರದಲ್ಲೂ ಮಗಳಿಂದ ಹೊಸ ಕಥೆ ಓದಿಸಿಕೊಂಡು ಕೇಳಿದ್ದರಂತೆ. ನಾನು ಶವಪೆಟ್ಟಿಗೆಗೆ ಹೆಗಲು ಕೊಟ್ಟೆ. ಅಕ್ಕ ಈಗಲೂ ಬರೆಯುತ್ತಾರೆ, ನಾನು ಚಿತ್ರ ಬರೆಯುತ್ತೇನೆ.

ಆ ಪುಸ್ತಕದ ರಕ್ಷಾಪುಟದ ಮಾತೊಂದು ಹೇಳಬೇಕು. ಅದರ ಮೇಲೆ ನಾನು ತಾಯಿ ಮಗಳ ಹೆಸರನ್ನಷ್ಟೇ ಬರೆದಿದ್ದೆ. ಟೀಚರಮ್ಮ ನೋಡಿ, "ಮೂರನೇದು ಎಲ್ಲೈತಿ?" ಎಂದರು.

"ನನ್ನ ಹೆಸರು ಯಾಕ್ರಿ ಟೀಚರಮ್ಮ? ಇದು ನಿಮ್ಮ ಚರ್ಚಿನ ಪುಸ್ತಕ. ಯಾರರ ಏನರ ಅಂದ್ರ?"

"ಅಂದವರನ್ನ ನನ್ನ ಹತ್ರ ಕಳಸು. ಬರಿ."

ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ಬರೆದೆ. ಒಪ್ಪಲಿಲ್ಲ. ಇನ್ನೊಂದು ಹಾಳೆ ತೆಗೆಸಿ, ಮೂರೂ ಹೆಸರನ್ನು ಒಂದೇ ಅಳತೆಯ ಅಕ್ಷರಗಳಲ್ಲಿ ಬರೆಸಿದರು.

ಅಂದು ಸಂಜೆ ಮೊದಲ ಪ್ರತಿಯನ್ನು ಮನೆಗೆ ಒಯ್ದೆ. ಓದಲು ಬಾರದ ನಮ್ಮ ಅಮ್ಮಿ, ಅದರಲ್ಲಿ ನನ್ನ ಹೆಸರು ಯಾವುದೆಂದು ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು, ಅಡುಗೆಯನ್ನೂ ಮರೆತು, ಬಹಳ ಹೊತ್ತು ಹಾಗೆಯೇ ಕೂತಿದ್ದಳು.