ಕಲ್ಲಿದ್ದಲಿನ ಬೀಗರು

ಮಗ ತಾನು ಮದುವೆಯಾಗುವ ಹುಡುಗಿ ಪೋಲೆಂಡಿನವಳು ಎಂದು ಹೇಳಿದಾಗ ನಮ್ಮ ಮನೆಯಲ್ಲಿ ಯಾರೂ ಎದೆ ಹಿಡಿದುಕೊಳ್ಳಲಿಲ್ಲ. ಅದಕ್ಕೆ ಪುರುಸೊತ್ತೂ ಇರಲಿಲ್ಲ. ಚೆನ್ನೈನ ಅಡ್ಯಾರಿನಲ್ಲಿರುವ ನಮ್ಮ ಹೋಟೆಲಿನಲ್ಲಿ ಬೆಳಗಿನ ಇಡ್ಲಿಯ ಹೊತ್ತು ಅದು. ಹುಡುಗಿಯೂ ಹೊಸಬಳಲ್ಲ. ಭರತನಾಟ್ಯ ಕಲಿಯಲು ಈ ಊರಿಗೆ ಬಂದವಳು, ಅಭ್ಯಾಸ ಮುಗಿಸಿ ಹಸಿದು ಬಂದು ನಮ್ಮಲ್ಲಿ ಪೊಡಿ ದೋಸೆ ತಿನ್ನುತ್ತಿದ್ದವಳು. ಅವಳ ತಮಿಳು ನನ್ನ ತಮಿಳಿಗಿಂತ ಚೆನ್ನಾಗಿತ್ತು.

ಎಲ್ಲರಿಗೂ ಇದ್ದ ಭಯ ಚಿಕ್ಕಮ್ಮನದು. ನನ್ನ ಯಜಮಾನರ ಚಿಕ್ಕಮ್ಮ, ಎಂಬತ್ತು ದಾಟಿದವರು, ಮಡಿ ಮೈಲಿಗೆಯ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹುಡುಗಿಯ ಕಡೆಯವರಿಗೆ ಎಂತ ಕೆಲಸ?"

"ಅವಳ ಅಜ್ಜ ಕಮ್ಯುನಿಸ್ಟ್ ಕಾಲದಲ್ಲಿ ಕಲ್ಲಿದ್ದಲು ಇಲಾಖೆಯಲ್ಲಿ ದೊಡ್ಡ ಆಫೀಸರ್ ಆಗಿದ್ರು," ಎಂದ ಮಗ.

"ಸರ್ಕಾರಿ ಕೆಲಸ ಅಲ್ವಾ? ಮತ್ತೆಂತ ಬೇಕು," ಎಂದರು ಚಿಕ್ಕಮ್ಮ. ಕೇಸು ಮುಗಿಯಿತು.

ಹುಡುಗಿಯ ತಂದೆತಾಯಿ ಮದುವೆಯ ಹಿಂದಿನ ದಿನ ಬರುವವರಿದ್ದರು. ಅಜ್ಜ ಮಾತ್ರ ಒಂದು ವಾರ ಮೊದಲೇ ಬಂದಿಳಿದರು. ಬಾಗಿಲಿನ ಚೌಕಟ್ಟಿಗೆ ಹಣೆ ತಾಗುವಷ್ಟು ಎತ್ತರ, ಬೆಳ್ಳಿ ಮೀಸೆ, ಬಿಸಿಲಿಗೆ ಟೊಮೆಟೊ ಆದ ಮುಖ. ನನ್ನ ಕೈಗೆ ಬಗ್ಗಿ ಮುತ್ತು ಕೊಟ್ಟರು. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ದುಡಿದ ಈ ಕೈಗೆ ಅಂಥ ಮರ್ಯಾದೆ ಅದೇ ಮೊದಲು. ಚಿಕ್ಕಮ್ಮ ತಮ್ಮ ಎರಡೂ ಕೈಗಳನ್ನು ತಟಕ್ಕನೆ ಸೆರಗಿನೊಳಗೆ ಅಡಗಿಸಿದರು.

ಮರುದಿನ ಸಂಜೆ ಎಲ್ಲರೂ ಬೆಸೆಂಟ್ ನಗರದ ಬೀಚಿಗೆ ಹೋದೆವು. ಅಜ್ಜ ಮೆಣಸಿನಕಾಯಿ ಬಜ್ಜಿ ಕಚ್ಚಿದರು, ಕಣ್ಣಲ್ಲಿ ನೀರು ತಂದುಕೊಂಡರು, ಇನ್ನೊಂದು ಬೇಕೆಂದರು. ಆಮೇಲೆ ಮರಳಿನ ಮೇಲೆ ಕಾಲು ಚಾಚಿ, ತಾವು ಆಫೀಸರಾದ ಕಥೆ ಶುರು ಮಾಡಿದರು. ಮೊಮ್ಮಗಳು ತನಗೆ ಬಂದ ಎಲ್ಲ ಭಾಷೆಗಳನ್ನೂ ಕಲಸಿ ನಮಗೆ ಬಡಿಸಿದಳು.

"ಅತ್ತೆ, ಅಜ್ಜ ಏನ್ ಸೊಲ್ರಾರ್ ಅಂದ್ರೆ, ಅವ್ರು ಮೊದ್ಲು ಗಣಿ ಆಫೀಸಲ್ಲಿ ಕ್ಲರ್ಕ್. ಅವ್ರ ಅಪ್ಪ ಗಣಿ ಕೆಲಸ. ಅಜ್ಜ ಒಂದಿನ ಕೂಡ ಕೆಳಗೆ ಇಳಿದಿಲ್ಲ, ಭಯ!"

ಹೀಗಿರುವಾಗ ರಾಜಧಾನಿಯಿಂದ ಮಂತ್ರಿಯೊಬ್ಬರು ಗಣಿ ನೋಡಲು ಬಂದರಂತೆ. ಅವರ ಕೈಕುಲುಕಲು ಅತ್ಯುತ್ತಮ ಕಾರ್ಮಿಕನೊಬ್ಬನನ್ನು ಆರಿಸಿಟ್ಟಿದ್ದರು. ಆಯ್ಕೆಯಾದ ಖುಷಿಗೆ ಆತ ಕುಡಿದು, ಬೆಳಿಗ್ಗೆ ಎಬ್ಬಿಸಿದರೂ ಏಳಲಿಲ್ಲ. ಮಂತ್ರಿಯ ಕಾರು ಗೇಟಿಗೆ ಬಂದುಬಿಟ್ಟಿತ್ತು. ಮ್ಯಾನೇಜರ್ ಕಚೇರಿಯೊಳಗೆ ನುಗ್ಗಿ ಸುತ್ತ ನೋಡಿದರು, ಅಗಲ ಭುಜದ ಈ ಹುಡುಗ ಕಂಡ. ಮುಖಕ್ಕೆ ಕಲ್ಲಿದ್ದಲ ಪುಡಿ ಬಳಿದು, ತಲೆಗೆ ದೀಪದ ಟೋಪಿ ಹಾಕಿ ಹೊರಗೆ ನಿಲ್ಲಿಸಿದರು.

ಮಂತ್ರಿ ಕೈ ಹಿಡಿದು ಕೇಳಿದರು: "ಕೆಳಗೆ ಹೇಗಿದೆಯಪ್ಪ?"

ಕೆಳಗೆ ಹೇಗಿದೆಯೆಂದು ಇವರಿಗೇನು ಗೊತ್ತು? "ಕತ್ತಲೆ ಇದೆ ಸ್ವಾಮಿ. ತಾವು ಒಮ್ಮೆ ಇಳಿದು ಬಂದರೆ ಬೆಳಕಾದೀತು," ಎಂದುಬಿಟ್ಟರು. ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು. ಮಂತ್ರಿ ಹೊಟ್ಟೆ ಕುಣಿಸಿ ನಕ್ಕು, ಈ ಕಾರ್ಮಿಕನನ್ನು ಎಂಜಿನಿಯರಿಂಗ್ ಓದಿಸಿ ಎಂದು ಅಪ್ಪಣೆ ಕೊಟ್ಟು ಹೋದರು. ಆತ ಕಾರ್ಮಿಕನೇ ಅಲ್ಲ ಎಂದು ಹೇಳುವ ಧೈರ್ಯ ಯಾರಿಗಿತ್ತು? ಕಾಲೇಜಿಗೆ ಕಳಿಸಲೇಬೇಕಾಯಿತು. ಇವರ ಅಪ್ಪ ಸುದ್ದಿ ಕೇಳಿ ಕೆಮ್ಮು ಬರುವವರೆಗೆ ನಕ್ಕರಂತೆ.

"ಮತ್ತೆ ಕೆಳಗೆ ಇಳಿದದ್ದು ಯಾವಾಗ?" ನನ್ನ ಯಜಮಾನರು ಕೇಳಿದರು.

ಓದು ಮುಗಿದ ಮೇಲೆ. ಪಂಜರದಂಥ ಲಿಫ್ಟಿನ ಕಂಬಿ ಹಿಡಿದು, ದೇವರಿಲ್ಲವೆನ್ನುವ ಸರ್ಕಾರದ ಸಂಬಳ ತಿನ್ನುತ್ತಲೇ ದೇವರ ಹೆಸರು ಜಪಿಸುತ್ತ ಇಳಿದರಂತೆ. ಆಮೇಲೆ ಭಯ ಬಿಟ್ಟಿತು. ಗಣಿಯ ಮ್ಯಾನೇಜರ್ ಆದರು, ಜಿಲ್ಲೆಯ ಗಣಿಗಳಿಗೆಲ್ಲ ಮುಖ್ಯಸ್ಥರಾದರು, ಕಡೆಗೆ ರಾಜಧಾನಿಯ ಇಲಾಖೆಯಲ್ಲಿ ದೊಡ್ಡ ಮೇಜಿನ ಹಿಂದೆ ಕೂತರು. ಅಲ್ಲಿಂದ ಬಿದ್ದ ಕಥೆಯನ್ನೂ ನಗುತ್ತಲೇ ಹೇಳಿದರು. ನೀರು ಸೋರುತ್ತಿದ್ದ ಒಂದು ಸುರಂಗಕ್ಕೆ ಭಾನುವಾರವೂ ಜನರನ್ನು ಇಳಿಸಿ ಎಂದು ಮೇಲಿನಿಂದ ಆದೇಶ ಬಂತು. ಇವರು ಇಳಿಸುವುದಿಲ್ಲ ಎಂದರು. ಮಾರನೆಯ ವಾರವೇ ಇವರನ್ನು ಆ ಕುರ್ಚಿಯಿಂದ ಎಬ್ಬಿಸಿ ಗಣಿ ಕಾರ್ಮಿಕರ ಬ್ಯಾಂಡ್ ತಂಡಗಳನ್ನು ನೋಡಿಕೊಳ್ಳಲು ಹಾಕಿದರು. ಕಹಳೆ, ಡೋಲು, ಸಮವಸ್ತ್ರ, ಅಷ್ಟೇ ಉಸ್ತುವಾರಿ.

"ಅಯ್ಯೋ ಪಾಪ," ಎಂದೆ ನಾನು.

ಅಜ್ಜ ಕೈ ಬೀಸಿದರು. ಮೊಮ್ಮಗಳು ಹೇಳಿದಳು: "ಪಾಪ ಇಲ್ಲ ಅತ್ತೆ. ಅವ್ರ ಲೈಫಲ್ಲೇ ಬೆಸ್ಟ್ ಟೈಮ್ ಅಂತೆ ಅದು. ಸರ್ಕಾರ ಬೀಳೋ ತನಕ ಬರೀ ಮ್ಯೂಸಿಕ್!"

ಮದುವೆ ಪೋರೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಬೆಳಿಗ್ಗೆ ನಾನು ಆರತಿ ತಟ್ಟೆ ಹಿಡಿದು ಓಡಾಡುತ್ತಿದ್ದಾಗ ಅಜ್ಜ ಕೋಣೆಯಿಂದ ಹೊರಬಂದರು. ತಲೆಯಿಂದ ಕಾಲಿನವರೆಗೆ ಕಡುಗಪ್ಪು ಉಣ್ಣೆಯ ಸಮವಸ್ತ್ರ, ಎರಡು ಸಾಲು ಹಿತ್ತಾಳೆಯ ಗುಂಡಿ, ಟೋಪಿಯ ಮೇಲೆ ಬಿಳಿ ಗರಿಗಳ ಗೊಂಚಲು. ಅವರ ಕಡೆ ಗಣಿಯವರು ಹಬ್ಬಕ್ಕೆ ತೊಡುವ ಉಡುಪಂತೆ ಅದು. ಇಡೀ ಮಂಟಪ ಅತ್ತ ತಿರುಗಿತು. ಮದುವೆಗೆ ಕಪ್ಪು!

ನನ್ನ ಮಗ ಪಂಚೆ ಎತ್ತಿಕಟ್ಟಿ ಓಡಿ ಬಂದ. "ಅಮ್ಮಾ, ಟೆನ್ಷನ್ ಆಗ್ಬೇಡ, ನಾನ್ ಪಾತ್ತುಕ್ಕಿರೇನ್." ಏನು ನೋಡಿಕೊಳ್ಳುತ್ತಾನೆ? ಅಜ್ಜನ ಮುಂದೆ ನಿಂತು ಹಲ್ಲು ಕಿರಿದ, ಅಷ್ಟೆ. ಅಜ್ಜ ಎದೆ ಸೆಟೆಸಿ ಸಲ್ಯೂಟ್ ಹೊಡೆದರು. ಆ ಮುಖದ ಸಂಭ್ರಮ ನೋಡಿ ಬಿಚ್ಚಿಡಿ ಎನ್ನಲು ಯಾರಿಗೂ ನಾಲಿಗೆ ಏಳಲಿಲ್ಲ. ಎಲ್ಲರೂ ಚಿಕ್ಕಮ್ಮನ ಕಡೆ ತಿರುಗಿದೆವು.

ಚಿಕ್ಕಮ್ಮ ಕನ್ನಡಕ ಏರಿಸಿ ಅಜ್ಜನನ್ನು ಗರಿಯಿಂದ ಬೂಟಿನವರೆಗೆ ಓದಿದರು.

"ಎಂತ ಬಾಯಿ ಬಿಡ್ತೀರಿ ಎಲ್ಲರೂ? ಮದುಮಕ್ಕಳಿಗೆ ದೃಷ್ಟಿ ಆಗ್ಬಾರ್ದು ಅಂತ ಕೆನ್ನೆಗೆ ಕಪ್ಪು ಇಡೂದಿಲ್ವಾ? ಇಷ್ಟು ದೊಡ್ಡ ಮಂಟಪಕ್ಕೆ ಇಷ್ಟು ದೊಡ್ಡ ಬೊಟ್ಟು ಬೇಡ್ವಾ? ಮುಂದೆ ಕೂರಿಸಿ ಅವರನ್ನ."

ನನಗೆ ನಗು ತಡೆಯಲಾಗದೆ ಆರತಿ ತಟ್ಟೆಯ ಕೆಂಪು ನೀರು ಸೀರೆಯ ಮೇಲೆ ಚೆಲ್ಲಿತು.

ಮುಂದೆ ಕೂತ ಅಜ್ಜನ ಬಳಿಗೆ ನಮ್ಮ ಪಕ್ಕದ ಮನೆಯ ಮಾಮಿ ಬಂದು, "ಬ್ಯಾಂಡ್ ಮಾಸ್ಟರಾ?" ಎಂದು ಕೇಳಿದರು. ಬೆಳಗಿನಿಂದ ಅಜ್ಜನಿಗೆ ಅರ್ಥವಾದ ಎರಡೇ ಪದ ಅವು. ಅಜ್ಜನ ಮುಖ ದೀಪವಾಯಿತು. "ಯೆಸ್, ಯೆಸ್! ಬ್ಯಾಂಡ್!" ಎಂದು ಎದ್ದವರು ನೇರ ನಾಗಸ್ವರದವರ ಪಕ್ಕದಲ್ಲಿ ಹೋಗಿ ಕೂತರು. ಗಣಿಯ ಹಾಡೊಂದನ್ನು ಗುನುಗಿದರು. ನಾಗಸ್ವರ ವಿದ್ವಾಂಸರು ತಲೆ ಓರೆ ಮಾಡಿ ಕೇಳಿ, ನಕ್ಕು, ಅದನ್ನೇ ಹಿಡಿದು ಎರಡು ಗಮಕ ಹಾಕಿ ಹಿಂದಿರುಗಿಸಿದರು. ತವಿಲು ಬಾರಿಸುವವರು ಬಿಡುತ್ತಾರೆಯೇ? ಅವರೂ ಸೇರಿದರು.

ಮುಹೂರ್ತ ಬಂತು. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ!" ಎಂದು ಕೈಯೆತ್ತಿದರು. ಕೂಡಲೆ ಅಜ್ಜ ಎದ್ದು ನಿಂತು ಎರಡೂ ತೋಳು ಬೀಸಿದರು. ನಾನು ಜನ್ಮದಲ್ಲಿ ಅಂಥ ಗಟ್ಟಿಮೇಳ ಕೇಳಿಲ್ಲ. ಮಗ ತಾಳಿ ಕಟ್ಟಿದ, ಎಲ್ಲ ಕಡೆಯಿಂದ ಅಕ್ಷತೆ ಹಾರಿತು, ಗಟ್ಟಿಮೇಳ ಹಾಗೆಯೇ ಜಾರಿ ಗಣಿಯ ಹಾಡಾಯಿತು. ಸಾಲಿನಲ್ಲಿದ್ದ ಬ್ಯಾಂಕಿನವರು, ರೈಲ್ವೆಯವರು, ನಮ್ಮ ಹೋಟೆಲಿನ ಸಪ್ಲೈಯರುಗಳು, ಎಲ್ಲರೂ ತಮಗೇ ತಿಳಿಯದೆ ಎಡ ಬಲ ಹೆಜ್ಜೆ ಹಾಕುತ್ತ ಬಂದು ಅಕ್ಷತೆ ಹಾಕಿದರು. ಅಷ್ಟು ಉಣ್ಣೆಯೊಳಗೆ ಬೆವರಿ ನೀರಾಗಿದ್ದ ಅಜ್ಜನಿಗೆ ಚಿಕ್ಕಮ್ಮ ಬೀಸಣಿಗೆ ಹಿಡಿದು ನಿಂತರು.

ಊಟಕ್ಕೆ ಇಬ್ಬರೂ ಅಕ್ಕಪಕ್ಕದಲ್ಲಿ ಕೂತರು. ಚಿಕ್ಕಮ್ಮ ಅಜ್ಜನಿಗೆ ಹುಳಿಯ ಮೇಲೆ ತುಪ್ಪ ಹಾಕಿಕೊಳ್ಳಲು ಕಲಿಸಿದರು, ಅಜ್ಜ ಚಿಕ್ಕಮ್ಮನಿಗೆ ಪೋಲಿಷ್‌ನಲ್ಲಿ ಸಾಕು ಎನ್ನುವುದನ್ನು ಕಲಿಸಿದರು. ಎರಡು ಭಾಷೆಯಲ್ಲೂ ಯಾರೂ ಸಾಕು ಎನ್ನಲಿಲ್ಲ.

ಅಜ್ಜ ಟಿಕೆಟನ್ನು ಮುಂದಕ್ಕೆ ಹಾಕಿಸಿ ಇನ್ನೂ ಒಂದು ತಿಂಗಳು ನಮ್ಮಲ್ಲಿದ್ದು ಹೋದರು. ಅವರು ಮೊದಲು ಇಳಿದ ಗಣಿ ಈಗ ಮ್ಯೂಸಿಯಂ ಅಂತೆ. ಈ ಚಳಿಗಾಲದಲ್ಲಿ ನಮ್ಮನ್ನು ತಾವೇ ಒಳಗೆ ಇಳಿಸಿ ತೋರಿಸುತ್ತಾರಂತೆ. ಮೊನ್ನೆ ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಸ್ವೆಟರ್ ಕೇಳಲು ಹೋದರೆ ಅಂಗಡಿಯವನು, "ಊಟಿಗಾ ಮೇಡಂ?" ಎಂದ.

"ಇಲ್ಲಪ್ಪಾ, ಕಲ್ಲಿದ್ದಲು ಗಣಿಗೆ," ಎಂದೆ.

ಅವನು ನನ್ನನ್ನೂ, ನನ್ನ ಪಕ್ಕದಲ್ಲಿ ನಿಂತು ಕೆಂಪು ಮಂಕಿ ಕ್ಯಾಪ್ ಹಾಕಿ ಕನ್ನಡಿ ನೋಡಿಕೊಳ್ಳುತ್ತಿದ್ದ ಚಿಕ್ಕಮ್ಮನನ್ನೂ ನೋಡಿದ. ಅವರ ಪಾಸ್‌ಪೋರ್ಟ್ ಆಗಲೇ ಬಂದಿತ್ತು.