ಹಳದಿ ಕೈಗವಸು ಮತ್ತು ಹಬ್ಬದ ಎಣ್ಣೆ

ಕಳೆದ ವಾರ ಮಿರಜದ ಪೇಟೆಯಲ್ಲಿ ಪಾತ್ರೆ ತಿಕ್ಕುವ ನಾರು ಕೊಳ್ಳಲು ನಿಂತಿದ್ದೆ. ಅಂಗಡಿಯ ಬಾಗಿಲಿಗೆ ಹಳದಿ ರಬ್ಬರ್ ಕೈಗವಸುಗಳನ್ನು ಗೊಂಚಲಾಗಿ ತೂಗುಹಾಕಿದ್ದರು. ಬಿಸಿಲಿಗೆ ಕಾದ ಆ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಾರು ಕೊಳ್ಳದೆ ಮನೆಗೆ ಬಂದೆ. ಪೇಟೆಗೆ ಹೋದ ಕೆಲಸ ಮುಗಿಸದೆ ಮರಳುವವಳಲ್ಲ ನಾನು. ಆದರೆ ಆ ವಾಸನೆ...

ಆ ವಾಸನೆ ಮೊದಲು ತಾಗಿದಾಗ ನಾನು ಸಾಂಗ್ಲಿಯ ಬಳಿಯ ಹರಿಪುರದಲ್ಲಿದ್ದೆ. ಸಾಂಗ್ಲಿಯ ಶಾಲೆಯೊಂದರಲ್ಲಿ ಡ್ರಿಲ್ ಕಲಿಸಿ ನಿವೃತ್ತಳಾಗಿದ್ದೆ. ಶಿಕ್ಷಕಿಯಾದ್ದರಿಂದ ಊರವರಿಗೆ ನಾನು ‘ಬಾಯಾರು’. ಐದಕ್ಕೆ ಸ್ನಾನ, ಆರಕ್ಕೆ ಚಹಾ. ಅದರಲ್ಲಿ ಹೆಚ್ಚುಕಡಿಮೆ ಇಲ್ಲ. ಪಕ್ಕದ ಮನೆಯ ಹಿರಿಯಾಕೆಯನ್ನು ಓಣಿಯವರಂತೆ ನಾನೂ ಮರಾಠಿಯಲ್ಲಿ ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಆರಗ ಎಂಬ ಹಳ್ಳಿಯ ಕನ್ನಡದ ಮನೆಯಿಂದ ಮದುವೆಯಾಗಿ ಬಂದವರು. ಮಗನೊಡನೆ ಮರಾಠಿ, ಸೊಸೆಯೊಡನೆ ಎರಡೂ, ನನ್ನೊಡನೆ ಮತ್ತು ಎಮ್ಮೆಗಳೊಡನೆ ಬರೀ ಕನ್ನಡ.

ದೀಪಾವಳಿಯ ಮೊದಲ ಸ್ನಾನದ ದಿನ ಅವರ ಮನೆಯಲ್ಲೊಂದು ಕಟ್ಟಳೆ. ನಸುಕಿನಲ್ಲೇ ಮಾವಶಿ ಬಚ್ಚಲ ಮುಂದೆ ಎಣ್ಣೆಯ ಬಟ್ಟಲು ಹಿಡಿದು ಕೂರುವರು. ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಎದುರಿನ ಮಣೆಯ ಮೇಲೆ ಕುಳಿತು, ಅವರ ಕೈಯಿಂದ ನೆತ್ತಿಗೆ, ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡ ಮೇಲೆಯೇ ಸ್ನಾನ. ಪಾಡ್ಯದ ದಿನ ಎಮ್ಮೆಗಳಿಗೂ ಅದೇ ಕೈ.

ಆ ಮಾವಶಿಗೆ ಕ್ಯಾನ್ಸರ್ ಆಯಿತು. ಎದೆಯಲ್ಲಿ ಹುಟ್ಟಿದ್ದು ಎಲುಬಿಗೆ ಇಳಿಯಿತು.

ಮೊದಲು ಅವರ ತಾಟು, ಲೋಟ ಬೇರೆಯಾದವು. ಆಮೇಲೆ ಹಾಸಿಗೆ ಮೇವಿನ ಕೋಣೆಯ ಪಕ್ಕಕ್ಕೆ ಹೋಯಿತು. ನೋಡಲು ಬಂದವರು ಮೂಗಿಗೆ ಸೆರಗು ಹಿಡಿದು ಆ ಕೋಣೆಯ ಹೊಸ್ತಿಲಲ್ಲೇ ನಿಂತು ‘ಅಯ್ಯೋ’ ಎನ್ನುವರು, ಒಳಗೆ ಹೋಗಿ ಚಹಾ ಕುಡಿಯುವರು. ಸೊಸೆ ಹಳದಿ ಕೈಗವಸು ತಂದಳು. ಹೊಲಸು ತೆಗೆಯಲು ಹಾಕಿಕೊಂಡಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ, ಅದು ಶಿಸ್ತು. ಆಕೆ ದಿಂಬು ಸರಿಪಡಿಸಲೂ, ನೀರು ಕೊಡಲೂ ಹಾಕಿಕೊಳ್ಳುತ್ತಿದ್ದಳು. ಆ ರಬ್ಬರಿನ ವಾಸನೆ ಕೋಣೆಯಲ್ಲೇ ಉಳಿಯುತ್ತಿತ್ತು.

ಮಿರಜದ ಆಸ್ಪತ್ರೆಗೆ ಮಾವಶಿಯ ಜೊತೆ ನಾನೂ ಹೋಗುತ್ತಿದ್ದೆ. ಅಲ್ಲಿನ ನರ್ಸೊಬ್ಬಳು ಒಮ್ಮೆ ಅಂಗೈಯಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಅವರ ಪಾದಗಳನ್ನು ಮೆಲ್ಲಗೆ ಸವರಿದಳು. ಇದರಿಂದ ರೋಗ ವಾಸಿಯಾಗುವುದಿಲ್ಲ, ಆದರೆ ಮೈ ಸಡಿಲಾಗುತ್ತದೆ, ಹೆದರಿಕೆ ತಗ್ಗುತ್ತದೆ, ನಿದ್ದೆ ಬರುತ್ತದೆ ಎಂದಳು. ಒತ್ತಬಾರದು, ತಿಕ್ಕಬಾರದು, ಗಡ್ಡೆಯ ಮೇಲೆ, ನೋಯುವ ಎಲುಬಿನ ಮೇಲೆ, ರೇಡಿಯೇಷನ್ ಕಿರಣ ಕೊಟ್ಟ ಚರ್ಮದ ಮೇಲೆ ಕೈ ಇಡಬಾರದು ಎಂದೂ ಹೇಳಿದಳು. ನಾನು ಡಾಕ್ಟರನ್ನೂ ಕೇಳಿದೆ. ಅವರೂ ಒಪ್ಪಿದರು. ಅಂದಿನಿಂದ ದಿನಾ ಸಂಜೆ ದೀಪ ಹಚ್ಚುವ ಮೊದಲು ನಾನು ಹೋಗಿ ಮಾವಶಿಯ ಪಾದಕ್ಕೆ, ಅಂಗೈಗೆ ಎಣ್ಣೆ ಸವರತೊಡಗಿದೆ.

“ಬಾಯಾರ, ನಿಮ್ಮ ಕೈ ಡ್ರಿಲ್ ಮಾಡ್ಸಿದಂಗ ಐತ್ರಿ,” ಎಂದು ಮಾವಶಿ ಮೊದಲ ದಿನವೇ ನಕ್ಕರು. “ಒಂದ್, ಎರಡ್ ಅಂತ ಎಣಿಸಬ್ಯಾಡ್ರಿ ಮತ್ತ!”

ಬಿಗಿದು ಮಡಚಿಕೊಂಡಿರುತ್ತಿದ್ದ ಅವರ ಕಾಲ್ಬೆರಳುಗಳು ತುಸು ಹೊತ್ತಿಗೆ ಬಿಚ್ಚಿಕೊಳ್ಳುತ್ತಿದ್ದವು. ಒಮ್ಮೊಮ್ಮೆ ಮಾತಿನ ನಡುವೆಯೇ ನಿದ್ದೆ. ನೋವು ಕಡಿಮೆಯಾಯಿತೇ ಎಂದು ಕೇಳಿದೆ. “ನೋವು ಇದ್ದಲ್ಲೇ ಐತ್ರಿ. ಅದರ ಕೂಡ ನಾ ಒಬ್ಬಾಕೀನ ಇಲ್ಲ, ಅಷ್ಟ,” ಎಂದರು.

ಸೊಸೆ ಬಾಗಿಲಲ್ಲಿ ನಿಂತು ಹೇಳಿದಳು, “ಎಣ್ಣಿ ಹಚ್ಚಿದ್ರ ರೋಗ ಮೈತುಂಬ ಹರೀತೈತಂತ್ರಿ. ನಿಮಗೂ ಹತ್ತೀತು.”

“ಇದು ಹತ್ತೂ ರೋಗ ಅಲ್ಲ. ಡಾಕ್ಟರನ್ನ ಕೇಳೇನಿ.”

“ಡಾಕ್ಟರಿಗೇನ್ರಿ! ಅವರ ಮನ್ಯಾಗ ಇಟ್ಕೋತಾರೇನು?”

ದೀಪಾವಳಿ ಹತ್ತಿರ ಬಂತು. ಮಾವಶಿಗೆ ಒಂದೇ ಧ್ಯಾನ. “ಈ ಸಲಾನೂ ಮನಿ ಮಂದಿಗೆ ನಾನ ಎಣ್ಣಿ ಹಚ್ಚಾಕಿ. ಕಾಲ ಸತ್ತಾವು, ಕೈ ಇನ್ನೂ ಸತ್ತಿಲ್ಲ,” ಎನ್ನುವರು. ಮುಂದಿನ ಹಬ್ಬ ತಮಗಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಆ ನಸುಕಿನಲ್ಲಿ ಅವರನ್ನು ಎಬ್ಬಿಸಿ ಬಚ್ಚಲ ಮುಂದೆ ಕುರ್ಚಿಯಲ್ಲಿ ಕೂರಿಸಿದೆ. ಬಟ್ಟಲು ತೊಡೆಯ ಮೇಲಿತ್ತು. ಎದುರಿಗೆ ಮಣೆ. ಮಗ ಒದ್ದೆ ತಲೆ ಒರೆಸುತ್ತ ಹೊರಬಂದ. “ಆಯಿ, ನಂದು ಆತು,” ಎಂದು ಮರಾಠಿಯಲ್ಲಿ ಹೇಳಿ ಮುಖ ನೋಡದೆ ಹೋದ. ಹಿಂದೆಯೇ ಸೊಸೆ. “ನೀವು ಮಲಗಿದ್ರಿ ಅತ್ತಿ, ಎಬ್ಬಸೂದು ಬ್ಯಾಡಂತ ಎಲ್ಲಾರೂ ಸ್ನಾನ ಮುಗಿಸಿದಿವಿ.” ಯಾರ ತಲೆಯಲ್ಲೂ ಎಣ್ಣೆಯ ಹನಿ ಇರಲಿಲ್ಲ. ಆ ಕೈಯಿಂದ ತಪ್ಪಿಸಿಕೊಳ್ಳಲೆಂದೇ ಇಡೀ ಮನೆ ಕತ್ತಲಲ್ಲಿ ಕಳ್ಳರಂತೆ ಎದ್ದು ಮಿಂದಿತ್ತು!

ಮಾವಶಿ ಬಟ್ಟಲು ನೋಡುತ್ತಿದ್ದರು. “ತಾಳ್ರಿ, ನಿಮಗ ನಾ ಹಚ್ಚತೇನಿ,” ಎಂದು ಸೊಸೆ ಹಳದಿ ಕೈಗವಸು ಏರಿಸಿಕೊಂಡು ಬಂದಳು. ಮಾವಶಿ ಬಟ್ಟಲನ್ನು ಹೊಟ್ಟೆಗೆ ಒತ್ತಿಕೊಂಡರು.

“ಎಮ್ಮಿ ಮೈಗೆ ಬರಿಗೈಲೆ ಹಚ್ಚತೀಯಲ್ಲವಾ,” ಎಂದರು.

ಸೊಸೆ ಬಟ್ಟಲಿಗೆ ಕೈ ಚಾಚಿದಳು. ಯಾರಿಗೂ ಹಚ್ಚದೆ ಎಣ್ಣೆ ಹಾಗೇ ಒಳಗೆ ಹೋಗುವುದಿತ್ತು. ನಾನು ಆಗಲೇ ಮಿಂದಾಗಿತ್ತು. ಒಂದೇ ಬೆಳಗಿನಲ್ಲಿ ಎರಡು ಸಲ ಮಿಂದವಳಲ್ಲ. ಆದರೂ ಹೋಗಿ ಮಣೆಯ ಮೇಲೆ ಕುಳಿತೆ.

ಮಾವಶಿಯ ಬೆರಳುಗಳು ನೆತ್ತಿಗೆ ಎಣ್ಣೆ ಇಟ್ಟವು. ಆಮೇಲೆ ರವಿಕೆಯೊಳಗೆ ಇಳಿದು ಬೆನ್ನಿನ ನಡುವೆ ನಿಂತವು. ಅಂಗೈ ಬೆಚ್ಚಗಿತ್ತು... ಮದುವೆಯಾಗದೆ ಉಳಿದವಳು ನಾನು. ತಾಯಿ ಹೋದ ಮೇಲೆ ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ.

“ಬೆನ್ನ ಕಟ್ಟಿಗಿ ಆಗೇತಲ್ರಿ, ಬಾಯಾರ. ನಿಮಗ ಯಾರ ಹಚ್ಚತಾರ?”

ಅಂದು ನಾನು ಎರಡನೇ ಸಲ ಮಿಂದೆ. ಹಬ್ಬ ಮುಗಿದು ಚಳಿ ಏರುವಷ್ಟರಲ್ಲಿ ಮಾವಶಿ ಹೋದರು.

ಅಂಗಳದಲ್ಲಿ ಮಲಗಿಸಿದಾಗ ಊರೇ ಸಾಲುಗಟ್ಟಿತು. ಹೊಸ್ತಿಲು ದಾಟದಿದ್ದವರೆಲ್ಲ ಬಾಗಿ ಬಾಗಿ ಆ ಪಾದ ಮುಟ್ಟಿದರು. ಸೊಸೆ ಹಣೆ ಹಚ್ಚಿ ಅತ್ತಳು. ಅಂದು ಯಾರ ಕೈಯಲ್ಲೂ ಗವಸಿರಲಿಲ್ಲ. ಜೀವವಿದ್ದ ಪಾದಕ್ಕೆ ಹೇಸಿದವರಿಗೆ ಹೆಣದ ಪಾದ ಪವಿತ್ರವಾಗಿತ್ತು. ಅಂಥ ಹೊಲಸನ್ನು ನಾನು ಶಾಲೆಯ ಮೋರಿಯಲ್ಲೂ ಕಂಡವಳಲ್ಲ. ಸಾಲಿನಲ್ಲಿ ನಿಲ್ಲದೆ ಮನೆಗೆ ಬಂದೆ.

ಮುಂದೆ ಹೊಳೆಯ ನೀರು ಮನೆಯೊಳಗೆ ಬಂದ ವರ್ಷ ಹರಿಪುರ ಬಿಟ್ಟು ಮಿರಜಕ್ಕೆ ಬಂದೆ. ಈಗ ಮತ್ತೆ ದೀಪಾವಳಿ. ನಾಳೆ ನಸುಕಿಗೆಂದು ಎಣ್ಣೆಯ ಬಟ್ಟಲು ತೆಗೆದಿಟ್ಟಿದ್ದೇನೆ, ಮಣೆಯನ್ನೂ ತೊಳೆದಿದ್ದೇನೆ. ನೆತ್ತಿಗೆ ನಾನೇ ಹಚ್ಚಿಕೊಳ್ಳುತ್ತೇನೆ, ಕೈಕಾಲಿಗೂ. ಬೆನ್ನಿನ ನಡುವೆ ಅಂಗೈಯಗಲದ ಜಾಗವೊಂದಿದೆ. ಅಲ್ಲಿಗೆ ನನ್ನ ಕೈ ಎಟುಕುವುದಿಲ್ಲ.