ಚಮಚ ಇಡದ ಹೆಂಗಸು

ತಮಿಳುನಾಡಿನ ಗಡಿಯಲ್ಲಿರುವ ತಳಿ ಅನ್ನೋ ಊರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಕನ್ನಡದಲ್ಲೇ ಓದಿಕೊಂಡು ಬಂದ ನಾನು ಹೊಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ತಗೊಂಡದ್ದು ಧೈರ್ಯದಿಂದಲ್ಲ. ಬೇರೆ ಸೀಟುಗಳೆಲ್ಲ ತುಂಬಿಹೋಗಿದ್ದವು.

ಮೊದಲ ಪ್ರಬಂಧಕ್ಕೆ ಒಂದು ಕಥೆ ಕೊಟ್ಟಿದ್ದರು. ಸಮುದ್ರಕ್ಕೆ ಹೋದ ಗಂಡ ವಾಪಸ್ ಬಂದಿಲ್ಲ. ಹೆಂಡತಿ ಮಾತ್ರ ಪ್ರತಿ ಸಂಜೆ ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಾಳೆ. ಯಾಕೆ ಇಡುತ್ತಾಳೆ, ಎರಡು ಪುಟ ಬರೆಯಿರಿ ಅಂದಿದ್ದರು ಮೇಡಂ. ಕ್ಲಾಸಿನವರೆಲ್ಲ ಫೋನಿನಲ್ಲಿರೋ ಎಐಯನ್ನು ಕೇಳಿ ಬರೆದು ಮುಗಿಸಿದ್ದರು. ನನ್ನ ಫೋನಿನ ಗಾಜು ಒಡೆದು ರಿಪೇರಿಗೆ ಹೋಗಿತ್ತು.

ಬಸ್ಸಲ್ಲಿ ದಿನಾ ಜೊತೆಗೆ ಬರುತ್ತಿದ್ದ ನಮ್ಮ ಬೀದಿಯ ಅಕ್ಕನ ಮುಂದೆ ಗೋಳಾಡಿದೆ. ಅವಳು ಡಿಪ್ಲೊಮಾ ಓದಿ ಕಾರ್ಖಾನೆಯಲ್ಲಿ ಬಿಡಿಭಾಗ ತಪಾಸಣೆ ಮಾಡುವವಳು. ದಿನಾ ಇಂಗ್ಲಿಷಿನಲ್ಲೇ ರಿಪೋರ್ಟ್ ಬರೆಯುತ್ತಾಳೆ.

"ಕಥೆ ಗಿತೆ ನಂಗೊತ್ತಿಲ್ಲ ಕಣ್ಲಾ. ಆದ್ರೆ ರಿಪೋರ್ಟ್ ಬರ್ಯೋದು ಹೇಳ್ಕೊಡ್ತೀನಿ," ಅಂದಳು. "ಮೊದ್ಲು ಕಣ್ಣಿಗೆ ಕಂಡಿದ್ದು ಬರಿ. ನಿಂಗೆ ಅನ್ಸಿದ್ದು ಆಮೇಲೆ. ಆ ಎರಡ್ನೇ ತಟ್ಟೆ ಎಷ್ಟು ಸಲ ಬರ್ತದೆ?"

"ಎಣಿಸಿಲ್ಲ ಅಕ್ಕ."

"ಎಣ್ಸು ಮತ್ತೆ!"

ಬಸ್ಸು ಕುಲುಕುತ್ತಿದ್ದಾಗಲೇ ಪುಸ್ತಕ ತಿರುವಿದೆ. ಐದು ಸಲ. ನಾಲ್ಕು ಸಲ ತಟ್ಟೆಯ ಪಕ್ಕ ಚಮಚವೂ ಇತ್ತು. ಕೊನೆಯ ಪುಟದಲ್ಲಿ ತಟ್ಟೆಯಷ್ಟೇ ಇತ್ತು, ಚಮಚ ಇರಲಿಲ್ಲ.

"ಮರ್ತಿರ್ತಾಳೆ," ಅಂದೆ.

ಅಕ್ಕ ಪುಸ್ತಕ ಇಸ್ಕೊಂಡು ಆ ಪುಟವನ್ನು ಎರಡು ಸಲ ಓದಿದಳು. "ಮರ್ತಿಲ್ಲ ಕಣ್ಲಾ. ನಮ್ಮಪ್ಪ ಹೋದ್ಮೇಲೂ ನಮ್ಮವ್ವ ಎರಡು ಲೋಟಕ್ಕೆ ಕಾಫಿ ಸೋಸ್ತಿದ್ಲು. ಆಮೇಲೊಂದಿನ ಎರಡ್ನೇ ಲೋಟಕ್ಕೆ ಅರ್ಧ ಮಾತ್ರ ಹಾಕಿದ್ಲು. ಬರಲ್ಲ ಅಂತ ಗೊತ್ತಾಗಿತ್ತು. ಒಂದೇ ಸಲಕ್ಕೆ ನಿಲ್ಸಾಕೆ ಮನಸ್ಸು ಬರ್ಲಿಲ್ಲ, ಅಷ್ಟೆ."

ಅಷ್ಟರಲ್ಲಿ ಅವಳ ಸ್ಟಾಪ್ ಬಂತು, ಇಳಿದು ಹೋದಳು.

ಅವಳು ಹೇಳಿದ ಹಾಗೇ, ರಿಪೋರ್ಟಿನ ಥರದ ಇಂಗ್ಲಿಷಿನಲ್ಲಿ ಬರೆದುಬಿಟ್ಟೆ. ಮೂರನೇ ದಿನ ಮೇಡಂ ನನ್ನದನ್ನೇ ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದರು. 'ಎರಡನೇ ತಟ್ಟೆಯನ್ನು ಐದು ಸಂದರ್ಭಗಳಲ್ಲಿ ಗಮನಿಸಲಾಯಿತು. ಐದನೆಯದರಲ್ಲಿ ಚಮಚ ಕಂಡುಬಂದಿಲ್ಲ.' ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಮೇಡಮ್ಮೂ ನಕ್ಕರು. ನನಗೆ ಬೆಂಚಿನ ಕೆಳಗೆ ಇಳಿದುಹೋಗೋಣ ಅನ್ನಿಸಿತು. ಆದರೆ ಅವರು ಪೂರ್ತಿ ಓದಿದರು. ಅರ್ಧ ಲೋಟ ಕಾಫಿಯ ಸಾಲಿಗೆ ಬರುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಮೇಡಂ ಪಠ್ಯ ತೆಗೆದು ಕೊನೆಯ ಪುಟ ನೋಡಿದರು.

"ಇಷ್ಟು ವರ್ಷ ಈ ಪಾಠ ಮಾಡಿದ್ದೀನಿ, ಇದನ್ನ ನೋಡೇ ಇಲ್ಲ," ಅಂದರು ತಮಿಳಿನಲ್ಲಿ. "ಉಳಿದ ಮೂವತ್ತು ಜನರ ಪ್ರಬಂಧ ಒಂದೇ ಥರ ಇದೆ. ಇದು ಯಾರು ಹೇಳಿಕೊಟ್ಟಿದ್ದು?"

"ತಪಾಸಣೆ ಮಾಡೋ ಅಕ್ಕ," ಅಂದೆ. ಮತ್ತೆ ನಗು. ಈ ಸಲ ನಾನೂ ನಕ್ಕೆ. 'ಗಮನಿಸಲಾಯಿತು' ಅನ್ನೋದನ್ನು ಮೇಡಂ ಒಂಬತ್ತು ಕಡೆ ಹೊಡೆದುಹಾಕಿ ಒಳ್ಳೇ ಮಾರ್ಕು ಕೊಟ್ಟರು.

ಸಂಜೆ ಬಸ್ಸಲ್ಲಿ ಅಕ್ಕನಿಗೆ ಸುದ್ದಿ ಹೇಳಿದೆ. ಖುಷಿಯಾದರೂ ತೋರಿಸಿಕೊಳ್ಳದೆ, "ಮುಂದಿನ ಪಾಠ ಯಾವ್ದು, ಕೊಡಿಲ್ಲಿ," ಅಂತ ಪುಸ್ತಕ ಕಿತ್ತುಕೊಂಡಳು. ಎರಡು ದಿನ ಇಟ್ಟುಕೊಂಡಿದ್ದು ವಾಪಸ್ ಕೊಡುವಾಗ ಮುಖ ಗಂಟಿಕ್ಕಿದ್ದಳು.

"ಈ ಪದ್ಯದಲ್ಲಿ ಚಂದ್ರ ಅನ್ನೋ ಮಾತು ಜಾಸ್ತಿ ಆಗೋಯ್ತು. ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ರಿಜೆಕ್ಟು."

ಹಾಗೇ ಬರೆಯಲಾ ಅಂತ ಕೇಳಿದೆ.

"ಬರಿ. ಆದ್ರೆ ಯಾವ ಚಂದ್ರ ಉಳೀಬೇಕು, ಯಾಕೆ ಅಂತಾನೂ ಬರಿ," ಅಂದಳು.